ಯಾವ ಟೆಸ್ಲಾ ಕಾಯಿಲ್ ಕಟ್ಟಬೇಕು? ಸ್ಲೇಯರ್‌ನಿಂದ ಡಿಆರ್‌ಎಸ್‌ಎಸ್‌ಟಿಸಿವರೆಗೆ ಒಂದು ಹೋಲಿಕೆ

ಟೆಸ್ಲಾ ಕಾಯಿಲ್, ಅಂದರೆ ಗಾಳಿಯಲ್ಲಿ ಉದ್ದ ಕಿಡಿ ಹಾರಿಸುವ ಹೈವೋಲ್ಟೇಜ್, ಹೈ ಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರ್, ಕಟ್ಟಲು ಹೊರಟವರು ಮೊದಲು ಕೇಳುವುದು ಕಿಡಿ ಎಷ್ಟು ಉದ್ದ ಬರುತ್ತದೆ ಅಂತ. ಆಯ್ಕೆ ಮಾಡುವಾಗ ಆ ಪ್ರಶ್ನೆಯಿಂದ ಹೆಚ್ಚು ಪ್ರಯೋಜನ ಇಲ್ಲ, ಏಕೆಂದರೆ ಒಂದು ಮೀಟರ್ ಕಿಡಿಯನ್ನು ಒಂದಕ್ಕಿಂತ ಹೆಚ್ಚು ಬಗೆಯ ಕಾಯಿಲ್‌ನಿಂದ ತೆಗೆಯಬಹುದು. ಕೆಟ್ಟಾಗ ಏನು ಸುಡುತ್ತದೆ, ಯಾಕೆ ಸುಟ್ಟಿತು ಅನ್ನುವುದನ್ನು ನಿಮ್ಮ ಹತ್ತಿರ ಇರುವ ಉಪಕರಣಗಳಿಂದಲೇ ಪತ್ತೆ ಮಾಡಲು ಆಗುತ್ತದೆಯೇ ಅನ್ನುವುದು ಮುಖ್ಯ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಇಲ್ಲದವರು ಸ್ಪಾರ್ಕ್ ಗ್ಯಾಪ್ ಕಾಯಿಲ್ ಕಟ್ಟಲಿ, ಇರುವವರು ಹಾಫ್ ಬ್ರಿಡ್ಜ್ ಎಸ್‌ಎಸ್‌ಟಿಸಿಯಿಂದ, ಅಂದರೆ ಎರಡು ಟ್ರಾನ್ಸಿಸ್ಟರ್ ಸ್ವಿಚ್‌ಗಳಿಂದ ಓಡುವ ಸಾಲಿಡ್ ಸ್ಟೇಟ್ ಟೆಸ್ಲಾ ಕಾಯಿಲ್‌ನಿಂದ ಶುರುಮಾಡಲಿ. ಎರಡು ದಾರಿಯೂ ಚೆನ್ನಾಗಿವೆ. ಆಸಿಲೋಸ್ಕೋಪ್ ಇಲ್ಲದೆ ನೇರ ಡಿಆರ್‌ಎಸ್‌ಎಸ್‌ಟಿಸಿಗೆ (ಡ್ಯುಯಲ್ ರೆಸೊನೆಂಟ್ ಎಸ್‌ಎಸ್‌ಟಿಸಿ, ಅದರ ಹೆಚ್ಚು ಶಕ್ತಿಯ ಅಣ್ಣ) ಕೈಹಾಕುವುದು ಮಾತ್ರ ಬೇಡ. ಅಲ್ಲಿ ಟ್ರಾನ್ಸಿಸ್ಟರ್‌ಗಳು ಸಾಲಾಗಿ ಸುಡುತ್ತವೆ, ಯಾವುದೂ ಕಾರಣ ಹೇಳಿ ಸುಡುವುದಿಲ್ಲ.

ಮೊದಲು ಸೆಕೆಂಡರಿ

ಸೆಕೆಂಡರಿ ಅಂದರೆ ಕಿಡಿ ಹೊರಡಿಸುವ, ನೂರಾರು ಸುತ್ತಿನ ಎತ್ತರದ ಸುರುಳಿ; ಅದರ ಬುಡದಲ್ಲಿದ್ದು ಶಕ್ತಿ ದಾಟಿಸುವ ಕೆಲವೇ ಸುತ್ತಿನ ಸುರುಳಿ ಪ್ರೈಮರಿ. ಬಗೆ ಯಾವುದೇ ಆಗಲಿ, ಸೆಕೆಂಡರಿ ಸುತ್ತುವ ಕೆಲಸ ಎಲ್ಲದಕ್ಕೂ ಒಂದೇ. ಹಾಗಾಗಿ ಒಂದು ಮಧ್ಯಮ ಗಾತ್ರದ ಸೆಕೆಂಡರಿಯನ್ನು ಲೆಕ್ಕಸಮೇತ ನೋಡೋಣ. ಹೊರವ್ಯಾಸ 110 ಮಿಲಿಮೀಟರ್ ಇರುವ ಪಿವಿಸಿ ಪೈಪ್, 0.4 ಮಿಲಿಮೀಟರ್ ಎನಾಮಲ್ ತಾಮ್ರದ ತಂತಿ, 1000 ಸುತ್ತು. ಎನಾಮಲ್ ಸೇರಿ ಒಂದು ಸುತ್ತು ಸುಮಾರು 0.45 ಮಿಲಿಮೀಟರ್ ಜಾಗ ತಿನ್ನುವುದರಿಂದ ಸುತ್ತಿದ ಭಾಗದ ಎತ್ತರ 450 ಮಿಲಿಮೀಟರ್ ಆಗುತ್ತದೆ. ಎತ್ತರ ವ್ಯಾಸದ ನಾಲ್ಕರಿಂದ ಐದು ಪಟ್ಟು ಇರಬೇಕು ಅನ್ನುವ ಹಳೆಯ ಲೆಕ್ಕಕ್ಕೂ ಇದು ಕೂರುತ್ತದೆ. ತಂತಿ ಸುಮಾರು 345 ಮೀಟರ್ ಬೇಕು, ತೂಕದಲ್ಲಿ 390 ಗ್ರಾಂ. ಅರ್ಧ ಕಿಲೋ ಸುರುಳಿ ತಂದರೆ ನಡುವೆ ಜೋಡಿಸುವ ಪ್ರಸಂಗ ಬರುವುದಿಲ್ಲ.

ಸುತ್ತಿ ಮುಗಿದ ಮೇಲೆ ಮಲ್ಟಿಮೀಟರ್‌ನಲ್ಲಿ ಎರಡು ತುದಿಗಳ ನಡುವಿನ ರೋಧ ನೋಡಿ. ಸುಮಾರು 47 ಓಮ್ ಬರಬೇಕು. ತೀರಾ ಹೆಚ್ಚು ತೋರಿಸಿದರೆ ಎಲ್ಲೋ ತಂತಿ ತುಂಡಾಗಿದೆ, ಇಲ್ಲವೇ ತುದಿಯ ಎನಾಮಲ್ ಸರಿಯಾಗಿ ಕೆರೆದಿಲ್ಲ. ಪಕ್ಕದ ಎರಡು ಸುತ್ತು ಒಂದಕ್ಕೊಂದು ಶಾರ್ಟ್ ಆಗಿದ್ದರೆ ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಸುತ್ತುವಾಗಲೇ ಕಣ್ಣಿಡಬೇಕು: ಒಂದು ಸುತ್ತು ಇನ್ನೊಂದರ ಮೇಲೆ ಏರಿದ್ದು ಕಂಡ ಕೂಡಲೇ ಬಿಚ್ಚಿ ಸರಿಮಾಡಿ. ಆಮೇಲೆ ಪಾಲಿಯುರೆಥೇನ್ ವಾರ್ನಿಷ್ ಎರಡು ಮೂರು ಕೋಟ್, ಪ್ರತಿ ಕೋಟ್ ಪೂರ್ತಿ ಒಣಗಿದ ಮೇಲೆ ಮುಂದಿನದು. ತಂತಿಯ ತುದಿಯನ್ನು ಪೈಪಿಗೆ ತೂತು ಕೊರೆದು ಒಳಗೆ ತೂರಿಸಬೇಡಿ. ಒಳಗಿನಿಂದಲೇ ಕಿಡಿ ಹಾರಿ ಪೈಪು ಕರಕಲಾಗುತ್ತದೆ, ಒಮ್ಮೆ ಕರಕಲಾದ ಜಾಗ ಮತ್ತೆ ಇನ್ಸುಲೇಟರ್ ಆಗುವುದಿಲ್ಲ.

ಈ ಸೆಕೆಂಡರಿಯ ಇಂಡಕ್ಟೆನ್ಸ್ ಸುಮಾರು 24 ಮಿಲಿಹೆನ್ರಿ. ಟಾಪ್‌ಲೋಡ್‌ಗೆ, ಅಂದರೆ ಸೆಕೆಂಡರಿಯ ನೆತ್ತಿಯ ಮೇಲೆ ಕೂರುವ ಲೋಹದ ಭಾಗಕ್ಕೆ, 100 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಡಕ್ಟ್ ಪೈಪನ್ನು 400 ಮಿಲಿಮೀಟರ್ ಹೊರವ್ಯಾಸದ ಬಳೆಯಂತೆ ಬಾಗಿಸಿ, ಸೇರುವ ಕಡೆ ಅಲ್ಯೂಮಿನಿಯಂ ಟೇಪ್ ಹಚ್ಚಿದರೆ ಸಾಕು. ಕಾಯಿಲ್‌ನ ಸ್ವಂತ ಕೆಪಾಸಿಟೆನ್ಸ್ ಮತ್ತು ಟಾಪ್‌ಲೋಡ್ ಸೇರಿ 23 ಪಿಕೋಫ್ಯಾರಡ್ ಅಂತಿಟ್ಟುಕೊಂಡರೆ ಅನುರಣನ ಆವರ್ತನ, ಅಂದರೆ ಕಾಯಿಲ್ ಸಹಜವಾಗಿ ಮಿಡಿಯುವ ಆವರ್ತನ, 215 ಕಿಲೋಹರ್ಟ್ಜ್ ಆಸುಪಾಸು ಬರುತ್ತದೆ. ಜಾವಾಟಿಸಿ ಎನ್ನುವ ಉಚಿತ ಲೆಕ್ಕದ ಪುಟ ಇದನ್ನೆಲ್ಲ ಸುತ್ತಲಿನ ನೆಲ, ಗೋಡೆಯ ಪ್ರಭಾವವನ್ನೂ ಸೇರಿಸಿ ಕೊಡುತ್ತದೆ. ತಂತಿಗೆ ದುಡ್ಡು ಹಾಕುವ ಮೊದಲೇ ಒಮ್ಮೆ ಅದರಲ್ಲಿ ಅಂಕಿ ತುಂಬಿಸಿ ನೋಡಿ.

ಸ್ಲೇಯರ್ ಎಕ್ಸೈಟರ್

ಇರುವುದರಲ್ಲಿ ಸರಳವಾದ ಪುಟ್ಟ ಕಾಯಿಲ್ ಇದು: ಒಂದು ಟ್ರಾನ್ಸಿಸ್ಟರ್, 22 ಕಿಲೋಓಮ್‌ನ ಒಂದು ರೆಸಿಸ್ಟರ್, ಒಂದು ಎಲ್‌ಇಡಿ, 9ರಿಂದ 12 ವೋಲ್ಟ್. ಇಷ್ಟೇ. 2ಎನ್2222 ಸಾಕು, ಟಿಐಪಿ31ಸಿ ಹಾಕಿ ಹೀಟ್‌ಸಿಂಕ್ ಕೊಟ್ಟರೆ ಹೆಚ್ಚು ಹೊತ್ತು ಬಾಳುತ್ತದೆ. 25ರಿಂದ 40 ಮಿಲಿಮೀಟರ್ ಪೈಪಿಗೆ ತೆಳು ತಂತಿ 250–300 ಸುತ್ತು ಸೆಕೆಂಡರಿ, ದಪ್ಪ ತಂತಿ 3–4 ಸುತ್ತು ಪ್ರೈಮರಿ. ಸೆಕೆಂಡರಿಯ ಕೆಳತುದಿ ಟ್ರಾನ್ಸಿಸ್ಟರ್‌ನ ಬೇಸಿಗೆ ಹೋಗುತ್ತದೆ, ಎಲ್‌ಇಡಿ ಬೇಸ್‌ನಿಂದ ಎಮಿಟರ್‌ಗೆ ತಿರುಗುಮುರುಗಾಗಿ ಕೂರುತ್ತದೆ. ಕರೆಂಟು ಕೊಟ್ಟಾಗ ಏನೂ ಆಗದಿದ್ದರೆ ಬಹುತೇಕ ಸಲ ಕಾರಣ ಒಂದೇ: ಪ್ರೈಮರಿಯ ಎರಡು ತುದಿ ಅದಲುಬದಲಾಗಿವೆ. ತಿರುಗಿಸಿ ಹಾಕಿ.

ಇದರಿಂದ ಉದ್ದ ಕಿಡಿ ನಿರೀಕ್ಷಿಸಬೇಡಿ. ಪಕ್ಕದಲ್ಲಿ ಹಿಡಿದ ಸಿಎಫ್‌ಎಲ್ ಅಥವಾ ಟ್ಯೂಬ್‌ಲೈಟ್ ತಂತಿಯಿಲ್ಲದೆ ಹೊತ್ತಿಕೊಳ್ಳುವುದು ಇದರ ಸೊಗಸು. ಜೋಡಿಸಿಕೊಳ್ಳುವ ಕಿಟ್ ರೂಪದಲ್ಲಿ ಸಿಗುವ ಪುಟ್ಟ ಮ್ಯೂಸಿಕ್ ಕಾಯಿಲ್‌ಗಳೂ ಹೆಚ್ಚುಕಡಿಮೆ ಇದೇ ಜಾತಿಯವು. ಮಾಸ್‌ಫೆಟ್ (ವೇಗವಾಗಿ ಆನ್ ಆಫ್ ಆಗುವ ಒಂದು ಜಾತಿಯ ಟ್ರಾನ್ಸಿಸ್ಟರ್) ಹಾಕಿರುವುದರಿಂದ ಒಂದೆರಡು ಸೆಂಟಿಮೀಟರ್ ಕಿಡಿ ಬರುತ್ತದೆ, ಆದರೆ ಜೊತೆಗೆ ಕೊಡುವ ಹೀಟ್‌ಸಿಂಕ್ ಸಾಮಾನ್ಯವಾಗಿ ಚಿಕ್ಕದು. ಒಂದು ನಿಮಿಷ ಓಡಿಸಿ, ಮುಟ್ಟಿ ನೋಡಿ, ಬಿಸಿ ಇದ್ದರೆ ನಿಲ್ಲಿಸಿ. ಮಕ್ಕಳಿಗೆ ಅನುರಣನ ಅಂದರೇನು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಕಿಡಿಯ ತುದಿಗೆ ಬೆರಳು ಒಡ್ಡುವುದನ್ನು ಮಾತ್ರ ಕಲಿಸಬೇಡಿ. ಹೈ ಫ್ರೀಕ್ವೆನ್ಸಿ ಕರೆಂಟು ಶಾಕ್ ಹೊಡೆದಂತೆ ಅನಿಸುವುದಿಲ್ಲ, ಆದರೆ ಚರ್ಮವನ್ನು ಆಳವಾಗಿ ಸುಡುತ್ತದೆ. ಸಣ್ಣ ಕಾಯಿಲ್‌ನಲ್ಲಿ ಬಂದ ಆ ಧೈರ್ಯ ದೊಡ್ಡ ಕಾಯಿಲ್ ಮುಂದೆ ಪ್ರಾಣಕ್ಕೆ ಕುತ್ತು.

ಸ್ಪಾರ್ಕ್ ಗ್ಯಾಪ್ ಕಾಯಿಲ್: ಒರಟು, ಗದ್ದಲ, ಆದರೆ ಸಹನೆಯುಳ್ಳದ್ದು

ನಿಕೋಲಾ ಟೆಸ್ಲಾ 1891ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯ ತಿರುಳು ಇದೇ. ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಕೆಪಾಸಿಟರನ್ನು ತುಂಬಿಸುತ್ತದೆ, ಗ್ಯಾಪ್, ಅಂದರೆ ಎರಡು ಲೋಹದ ತುದಿಗಳ ನಡುವಿನ ಗಾಳಿಯ ಸಂದು, ಸಿಡಿದಾಗ ಆ ಶಕ್ತಿಯೆಲ್ಲ ಪ್ರೈಮರಿಯಲ್ಲಿ ಅಲೆಯಾಗಿ ಓಡಾಡಿ ಸೆಕೆಂಡರಿಗೆ ದಾಟುತ್ತದೆ. ಇಲ್ಲಿ ಸುಡಲು ಸೆಮಿಕಂಡಕ್ಟರ್ ಇಲ್ಲ. ಟ್ಯೂನಿಂಗ್, ಅಂದರೆ ಪ್ರೈಮರಿ ಸೆಕೆಂಡರಿಗಳ ಆವರ್ತನದ ಹೊಂದಾಣಿಕೆ, ತಪ್ಪಿದರೆ ಕಿಡಿ ಚಿಕ್ಕದಾಗುತ್ತದೆ, ಅಷ್ಟೇ. ಕಣ್ಣು, ಕಿವಿ, ಮಲ್ಟಿಮೀಟರ್ ಇಟ್ಟುಕೊಂಡು ಮುಗಿಸಬಹುದಾದ ದೊಡ್ಡ ಕಾಯಿಲ್ ಇದೊಂದೇ ಅಂತ ಹೇಳಬಹುದು.

ಹೃದಯಭಾಗ ಎನ್‌ಎಸ್‌ಟಿ, ಅಂದರೆ ಹಳೆಯ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್. 15 ಕಿಲೋವೋಲ್ಟ್, 30 ಮಿಲಿಆಂಪ್‌ನದು ಮೊದಲ ಕಾಯಿಲ್‌ಗೆ ಸರಿಯಾದ ಅಳತೆ. ತಾಮ್ರ, ಕಬ್ಬಿಣದ ಭಾರದ ಟ್ರಾನ್ಸ್‌ಫಾರ್ಮರೇ ಬೇಕು. ಹಗುರವಾದ ಎಲೆಕ್ಟ್ರಾನಿಕ್ ನಿಯಾನ್ ಸಪ್ಲೈ ಈ ಕೆಲಸಕ್ಕೆ ಬಾರದು. ಗ್ರೌಂಡ್ ಫಾಲ್ಟ್ ರಕ್ಷಣೆ ಇರುವ ಹೊಸ ಮಾದರಿಗಳು ಗ್ಯಾಪ್ ಸಿಡಿದ ಕೂಡಲೇ ತಾವಾಗಿ ಆಫ್ ಆಗುತ್ತವೆ. ಬೋರ್ಡುಗಳೆಲ್ಲ ಎಲ್‌ಇಡಿಗೆ ತಿರುಗಿರುವುದರಿಂದ ಹಳೆಯದು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಈ ಬಗೆಯ ಕಾಯಿಲ್‌ನ ದೊಡ್ಡ ಕೊರತೆ ಅಂದರೆ ಅದೇ. ಸಿಗಲಿಲ್ಲವೆಂದು ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್‌ಗೆ ಹೋಗಬೇಡಿ. 2000 ವೋಲ್ಟ್‌ನಲ್ಲಿ ಅರ್ಧ ಆಂಪ್ ಮೀರಿ ಕೊಡಬಲ್ಲ ವಸ್ತು ಅದು, ಮುಟ್ಟಿದವರಿಗೆ ಎರಡನೇ ಅವಕಾಶ ಸಿಗುವುದು ಅಪರೂಪ.

ಕೆಪಾಸಿಟರ್ ಲೆಕ್ಕ ಹೀಗೆ. 50 ಹರ್ಟ್ಜ್‌ನಲ್ಲಿ 15 ಕಿಲೋವೋಲ್ಟ್, 30 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್ ಜೊತೆ ಅನುರಣಿಸುವ ಬೆಲೆ 6.4 ನ್ಯಾನೋಫ್ಯಾರಡ್, 60 ಹರ್ಟ್ಜ್ ಇರುವಲ್ಲಿ 5.3. ಈ ಬೆಲೆಯನ್ನೇ ಹಾಕಿದರೆ ಅಪಾಯ. ಗ್ಯಾಪ್ ಒಂದು ಸಲ ಸಿಡಿಯದೆ ಹೋದರೂ ವೋಲ್ಟೇಜ್ ಏರುತ್ತಾ ಹೋಗಿ ಟ್ರಾನ್ಸ್‌ಫಾರ್ಮರ್‌ನ ಒಳಗಿನ ಸುತ್ತುಗಳನ್ನು ಸೀಳುತ್ತದೆ. ಅದಕ್ಕೆ ಒಂದೂವರೆ ಪಟ್ಟು, ಅಂದರೆ 50 ಹರ್ಟ್ಜ್‌ಗೆ 9.5 ನ್ಯಾನೋಫ್ಯಾರಡ್ ಸುತ್ತಮುತ್ತ ಹಾಕುವುದು ರೂಢಿ. ಕಾರ್ನೆಲ್ ಡುಬಿಲಿಯರ್ ಕಂಪನಿಯ 942ಸಿ ಸರಣಿಯ 0.15 ಮೈಕ್ರೋಫ್ಯಾರಡ್, 2000 ವೋಲ್ಟ್ ಕೆಪಾಸಿಟರ್ 15 ಸರಣಿಯಲ್ಲಿ ಹಾಕಿದರೆ 10 ನ್ಯಾನೋಫ್ಯಾರಡ್, 30 ಕಿಲೋವೋಲ್ಟ್ ಆಗುತ್ತದೆ. ಅಳತೆ ಮಾಡಿ ಹೊಲಿಸಿದಂತೆ ಹೊಂದುತ್ತದೆ. ಪ್ರತಿ ಕೆಪಾಸಿಟರ್‌ಗೂ ಅಡ್ಡಲಾಗಿ 10 ಮೆಗಾಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಕಡ್ಡಾಯ. ಪಾಲಿಪ್ರೊಪಿಲೀನ್ ಪಲ್ಸ್ ಕೆಪಾಸಿಟರೇ ಆಗಬೇಕು; ನೋಡಲು ಹಾಗೆಯೇ ಇರುವ ಪಾಲಿಯೆಸ್ಟರ್ ಜಾತಿ ಈ ಆವರ್ತನದಲ್ಲಿ ಒಳಗೇ ಬಿಸಿಯಾಗಿ ಉಬ್ಬುತ್ತದೆ. ಗಾಜಿನ ಬಾಟಲಿಗೆ ಉಪ್ಪುನೀರು ತುಂಬಿ ಮಾಡುವ ಕೆಪಾಸಿಟರ್ ಕೆಲಸ ಮಾಡುತ್ತದೆ, ಆದರೆ ನಷ್ಟ ಹೆಚ್ಚು, ಕಿಡಿ ಸೊರಗುತ್ತದೆ.

15 ಕಿಲೋವೋಲ್ಟ್‌ನ ತುತ್ತತುದಿ 21 ಕಿಲೋವೋಲ್ಟ್ ದಾಟುತ್ತದೆ. ಆಗ ಆ 10 ನ್ಯಾನೋಫ್ಯಾರಡ್‌ನಲ್ಲಿ ಕೂತಿರುವ ಶಕ್ತಿ 2.25 ಜೂಲ್. ಕರೆಂಟು ತೆಗೆದ ಮೇಲೂ ಇನ್ಸುಲೇಟೆಡ್ ಕೋಲಿನ ತುದಿಯ ತಂತಿಯಿಂದ ಕೆಪಾಸಿಟರ್ ಸಾಲನ್ನು ಶಾರ್ಟ್ ಮಾಡದೆ ಒಳಗೆ ಕೈಹಾಕಲೇಬಾರದು.

ಪ್ರೈಮರಿಗೆ 6 ಮಿಲಿಮೀಟರ್ ಮೃದು ತಾಮ್ರದ ಕೊಳವೆ, ಅಂದರೆ ಫ್ರಿಜ್ ರಿಪೇರಿಯವರು ಬಳಸುವಂಥದ್ದು. ಮೇಲಿನ ಸೆಕೆಂಡರಿಗೆ 55 ಮೈಕ್ರೋಹೆನ್ರಿ ಬೇಕು. ಒಳವ್ಯಾಸ 180 ಮಿಲಿಮೀಟರ್, ಸುತ್ತುಗಳ ನಡುವೆ 6 ಮಿಲಿಮೀಟರ್ ಬಿಟ್ಟು ಚಪ್ಪಟೆ ಸುರುಳಿ ಮಾಡಿದರೆ ಹನ್ನೆರಡೂವರೆ ಸುತ್ತಿನ ಹತ್ತಿರ ಅದು ಸಿಗುತ್ತದೆ. 15 ಸುತ್ತು ಮಾಡಿಡಿ. ಕಿಡಿ ಬೆಳೆದಂತೆ ಸೆಕೆಂಡರಿಯ ಆವರ್ತನ ಇಳಿಯುವುದರಿಂದ ಸರಿಯಾದ ಟ್ಯಾಪ್ (ಕೊಳವೆಗೆ ತಂತಿ ಕಚ್ಚಿಸುವ ಜಾಗ) ಬಹುತೇಕ ಲೆಕ್ಕಕ್ಕಿಂತ ಹೊರಗಡೆಯೇ ಬರುತ್ತದೆ. ಟಾಪ್‌ಲೋಡ್ ಮೇಲೆ ಒಂದು ತಂತಿಯ ಮುಳ್ಳು ಅಂಟಿಸಿ, ಟ್ಯಾಪನ್ನು ಕಾಲು ಅರ್ಧ ಸುತ್ತಿನಂತೆ ಸರಿಸುತ್ತಾ ಹೋಗಿ. ಉದ್ದ ಹೆಚ್ಚಿ, ಮತ್ತೆ ಕಡಿಮೆಯಾಗುವ ಜಾಗ ಸ್ಪಷ್ಟವಾಗಿ ಕಾಣುತ್ತದೆ.

ಗ್ಯಾಪ್ ಹೊಂದಿಸುವ ಕೆಲಸವನ್ನು ಅವಸರದಲ್ಲಿ ಮಾಡುವವರೇ ಹೆಚ್ಚು, ಎನ್‌ಎಸ್‌ಟಿ ಸುಡುವುದೂ ಅಲ್ಲೇ. ಮೊದಲು ಪ್ರೈಮರಿ, ಕೆಪಾಸಿಟರ್ ಎರಡನ್ನೂ ಕಳಚಿ, ಟ್ರಾನ್ಸ್‌ಫಾರ್ಮರ್‌ಗೆ ಅಡ್ಡಲಾಗಿ ಗ್ಯಾಪ್ ಒಂದನ್ನೇ ಹಾಕಿ. ಪ್ರತಿ ಸಲ ಕರೆಂಟು ತೆಗೆದು, ಸ್ವಲ್ಪ ಸ್ವಲ್ಪ ಅಗಲಿಸುತ್ತಾ ಹೋಗಿ. ಸಿಡಿಯುವುದು ನಿಂತ ಅಳತೆಯಿಂದ ಒಂದಿಷ್ಟು ಹಿಂದಕ್ಕೆ ತನ್ನಿ. ಅದೇ ಗರಿಷ್ಠ; ಕಿಡಿ ಉದ್ದ ಬರಲೆಂದು ಇದಕ್ಕಿಂತ ಅಗಲಿಸಬೇಡಿ. ಒಂದೇ ದೊಡ್ಡ ಗ್ಯಾಪಿನ ಬದಲು ತಾಮ್ರದ ಪೈಪಿನ ತುಂಡುಗಳನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಫ್ಯಾನ್‌ನಿಂದ ಗಾಳಿ ಹಾಯಿಸಿದರೆ ಕಿಡಿ ಬೇಗ ಆರುತ್ತದೆ. ಬೇಗ ಆರಿದಷ್ಟೂ ಸೆಕೆಂಡರಿಗೆ ದಾಟಿದ ಶಕ್ತಿ ಹಿಂದಕ್ಕೆ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಮುಂದೆ ಟೆರ್ರಿ ಫಿಲ್ಟರ್ ಎಂಬ ರಕ್ಷಣಾ ಸರ್ಕ್ಯೂಟ್ ಹಾಕಿ, ಅದರ ಸೇಫ್ಟಿ ಗ್ಯಾಪನ್ನೂ ಇದೇ ಕ್ರಮದಲ್ಲಿ ಹೊಂದಿಸಿ.

ಸೆಕೆಂಡರಿಯ ಮೈಮೇಲೆಯೇ ಕಿಡಿಗಳು ಓಡಾಡುತ್ತಿದ್ದರೆ ಕಪ್ಲಿಂಗ್, ಅಂದರೆ ಪ್ರೈಮರಿ ಸೆಕೆಂಡರಿಗಳ ನಡುವಿನ ಕಾಂತೀಯ ಹಿಡಿತ, ಜಾಸ್ತಿ ಆಗಿದೆ. ಸೆಕೆಂಡರಿಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಮೇಲಕ್ಕೆತ್ತಿ. ಟಾಪ್‌ಲೋಡ್‌ನಿಂದ ಕಿಡಿ ಪ್ರೈಮರಿಗೆ ಬಡಿಯುತ್ತಿದ್ದರೆ ಅದರ ಮೇಲೆ ಪೂರ್ತಿ ಸುತ್ತಾಗದ, ಒಂದು ಕಡೆ ಬಾಯಿಬಿಟ್ಟ ತಾಮ್ರದ ಬಳೆ ಕೂರಿಸಿ ಅರ್ಥ್ ಮಾಡಿ. ಈ ಅರ್ಥ್ ಮನೆಯ ವೈರಿಂಗ್‌ನ ಅರ್ಥ್ ಆಗಿರಬಾರದು. ನೆಲಕ್ಕೆ ಬೇರೆ ರಾಡ್ ಹೊಡೆದು ಸೆಕೆಂಡರಿಯ ಕೆಳತುದಿಯನ್ನೂ ಅದಕ್ಕೇ ಕೊಡಬೇಕು. ಇಲ್ಲದಿದ್ದರೆ ಹೈ ಫ್ರೀಕ್ವೆನ್ಸಿ ಕರೆಂಟು ಮನೆಯ ವೈರಿಂಗ್‌ಗೆ ನುಗ್ಗಿ ಟಿವಿ, ರೂಟರ್, ಕಂಪ್ಯೂಟರ್‌ಗಳನ್ನು ಹಾಳುಮಾಡಬಹುದು. ಟ್ರಾನ್ಸ್‌ಫಾರ್ಮರ್‌ನ ಹೊರಕವಚಕ್ಕೆ ಮಾತ್ರ ಸಾಮಾನ್ಯ ಅರ್ಥಿಂಗ್ ತಪ್ಪಿಸುವಂತಿಲ್ಲ.

ಕಿಡಿಯ ಉದ್ದಕ್ಕೆ ಹವ್ಯಾಸಿಗಳ ಅಂದಾಜು: ವ್ಯಾಟ್‌ನ ವರ್ಗಮೂಲವನ್ನು 4.3ರಿಂದ ಗುಣಿಸಿದರೆ ಸೆಂಟಿಮೀಟರ್. 450 ವ್ಯಾಟ್‌ಗೆ ಸುಮಾರು 90. ಇದು ಎಲ್ಲ ಚೆನ್ನಾಗಿ ಕೂಡಿಬಂದಾಗಿನ ಮೇಲ್ಮಿತಿ. ಸ್ಥಿರ ಗ್ಯಾಪಿನ ಮೊದಲ ಕಾಯಿಲ್ 60 ಸೆಂಟಿಮೀಟರ್ ಕೊಟ್ಟರೂ ಅದು ಒಳ್ಳೆಯ ಕಾಯಿಲ್. ಸದ್ದು ಕಿವಿ ಗುಂಯ್ ಅನ್ನುವಷ್ಟು ಇರುತ್ತದೆ, ಗ್ಯಾಪ್‌ನ ಬೆಳಕಿನಲ್ಲಿ ಅಲ್ಟ್ರಾವಯಲೆಟ್ ಇರುತ್ತದೆ, ಓಝೋನ್ ಕೋಣೆ ತುಂಬುತ್ತದೆ. ಕಿವಿಗೆ ಮಫ್, ಗ್ಯಾಪಿಗೆ ಮರೆ, ಕೋಣೆಗೆ ತೆರೆದ ಕಿಟಕಿ ಬೇಕು.

ವಾಲ್ವ್ ಕಾಯಿಲ್

ರೇಡಿಯೋ ವಾಲ್ವ್‌ಗಳನ್ನು ಪ್ರೀತಿಸುವವರಿಗೆ ವಿಟಿಟಿಸಿ (ವ್ಯಾಕ್ಯೂಮ್ ಟ್ಯೂಬ್ ಟೆಸ್ಲಾ ಕಾಯಿಲ್) ಬಿಟ್ಟು ಬೇರೆ ಮಾತಿಲ್ಲ. 811ಎ ಜೋಡಿಯಿಂದ ಗೇಣುದ್ದದ ಕಿಡಿ, 833ಎ ಅಥವಾ ರಷ್ಯಾದ ಜಿಯು-81ಎಂನಿಂದ ಅದರ ಎರಡು ಮೂರು ಪಟ್ಟು. ಕಿಡಿ ನೇರ, ಮೃದು, ಗರಿ ಬಿಚ್ಚಿದಂತೆ. ಸದ್ದು ಬರೀ ಗುನುಗು. ಅಂದದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ದಕ್ಷತೆ ಕಡಿಮೆ. 833ಎ ಫಿಲಮೆಂಟ್ ಒಂದೇ 10 ವೋಲ್ಟ್‌ನಲ್ಲಿ 10 ಆಂಪ್ ಎಳೆಯುತ್ತದೆ. ಪ್ಲೇಟ್ ಸಪ್ಲೈಗೆ ಮೈಕ್ರೋವೇವ್ ಟ್ರಾನ್ಸ್‌ಫಾರ್ಮರೇ ಬೇಕಾಗುವುದರಿಂದ ಮೇಲೆ ಹೇಳಿದ ಅಪಾಯ ಇಲ್ಲಿ ತಪ್ಪಿಸಿಕೊಳ್ಳಲಾಗದ್ದು. ಕಿಡಿ ಬಾರದೆ ಪ್ಲೇಟ್ ಕೆಂಪಾಗತೊಡಗಿದರೆ ತಕ್ಷಣ ಆಫ್ ಮಾಡಿ, ಗ್ರಿಡ್ ಫೀಡ್‌ಬ್ಯಾಕ್ ಕಾಯಿಲ್‌ನ ತುದಿಗಳನ್ನು ಅದಲುಬದಲು ಮಾಡಿ ನೋಡಿ. ಫೇಸ್ ತಪ್ಪಿದ್ದರೆ ವಾಲ್ವ್ ಆಂದೋಲನಕ್ಕೆ ಬರದೆ ಶಕ್ತಿಯನ್ನೆಲ್ಲ ತನ್ನ ಮೈಯಲ್ಲೇ ಸುಡುತ್ತದೆ. ವಾಲ್ವ್‌ನ ಒಂದು ಉಪಕಾರ: ಕ್ಷಣಕಾಲದ ತಪ್ಪನ್ನು ಅದು ತಾಳಿಕೊಳ್ಳುತ್ತದೆ, ಮಾಸ್‌ಫೆಟ್ ತಾಳುವುದಿಲ್ಲ.

ಎಸ್‌ಎಸ್‌ಟಿಸಿ: ಕಲಿಯಲು ಇದೇ ಸರಿ

ಇಲ್ಲಿ ಪ್ರೈಮರಿಗೆ ಟ್ಯೂನ್ ಮಾಡುವ ಕೆಪಾಸಿಟರ್ ಇಲ್ಲ. ಮಾಸ್‌ಫೆಟ್ ಬ್ರಿಡ್ಜ್ ಸೆಕೆಂಡರಿಯ ಆವರ್ತನವನ್ನೇ ಹಿಂಬಾಲಿಸಿ ಪ್ರೈಮರಿಯನ್ನು ಓಡಿಸುತ್ತದೆ. ಮೇಲೆ ಸುತ್ತಿದ 215 ಕಿಲೋಹರ್ಟ್ಜ್ ಸೆಕೆಂಡರಿಯೇ ಇದಕ್ಕೂ ಆಗುತ್ತದೆ. ಅದರ ಬುಡಕ್ಕೆ ಇನ್ಸುಲೇಶನ್ ಹಾಳೆ ಸುತ್ತಿ, ಅದರ ಮೇಲೆ ಪಿವಿಸಿ ಹೊದಿಕೆಯ ತಂತಿ 8–10 ಸುತ್ತು. ಸೆಕೆಂಡರಿಯ ಕೆಳತುದಿಯ ತಂತಿಯನ್ನು ಕರೆಂಟ್ ಟ್ರಾನ್ಸ್‌ಫಾರ್ಮರ್ ಒಳಗೆ ಹಾಯಿಸಿ, ಆ ಸಿಗ್ನಲನ್ನು 74ಎಚ್‌ಸಿ14 ಐಸಿಗೆ, ಅಲ್ಲಿಂದ ಯುಸಿಸಿ27321 ಮತ್ತು 27322 ಡ್ರೈವರ್ ಐಸಿ ಜೋಡಿಗೆ, ಅಲ್ಲಿಂದ ಗೇಟ್ ಡ್ರೈವ್ ಟ್ರಾನ್ಸ್‌ಫಾರ್ಮರ್‌ಗೆ. ಗೇಟ್ ಅಂದರೆ ಮಾಸ್‌ಫೆಟ್ಟನ್ನು ಆನ್ ಆಫ್ ಮಾಡುವ ಕಾಲು. ಫೀಡ್‌ಬ್ಯಾಕ್‌ಗೆ ಆಂಟೆನಾ ಬಳಸಿದರೂ ಓಡುತ್ತದೆ, ಆದರೆ ಕೆಳತುದಿಯ ಕರೆಂಟ್ ಟ್ರಾನ್ಸ್‌ಫಾರ್ಮರ್ ಹೆಚ್ಚು ಭರವಸೆಯದು. ಹಾಫ್ ಬ್ರಿಡ್ಜ್‌ಗೆ ಎರಡು ಐಆರ್‌ಎಫ್‌ಪಿ460. ಇವು 500 ವೋಲ್ಟ್, 20 ಆಂಪ್‌ನವು, 230 ವೋಲ್ಟ್ ಮೇನ್ಸ್‌ನಿಂದ ಬರುವ 325 ವೋಲ್ಟ್ ಡಿಸಿಗೆ ಸಾಕು. ಒಳಗಿನ ಡಯೋಡ್ ನಿಧಾನ ಅನ್ನುವುದು ಇವುಗಳ ದೋಷ. ಸರಣಿಯಲ್ಲಿ ಶಾಟ್ಕಿ, ಅಡ್ಡಲಾಗಿ ಎಂಯುಆರ್1560ನಂಥ ವೇಗದ ಡಯೋಡ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ.

ಮಾಸ್‌ಫೆಟ್ ಸುಟ್ಟಾಗ ಎಲ್ಲರೂ ಮಾಸ್‌ಫೆಟ್‌ನ್ನೇ ದೂರುತ್ತಾರೆ. ಹುಡುಕಬೇಕಾದ್ದು ಗೇಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ. ಅದರ ಕೋರ್ ಹೆಚ್ಚು ಪರ್ಮಿಯಬಿಲಿಟಿಯ ಫೆರೈಟ್ ಆಗಿರಬೇಕು, ಎನ್87 ತರಹದ್ದು. ಕಂಪ್ಯೂಟರ್ ಪವರ್ ಸಪ್ಲೈಯಿಂದ ಕಿತ್ತ ಹಳದಿ ಬಣ್ಣದ ರಿಂಗ್ ಕಬ್ಬಿಣದ ಪುಡಿಯದು, ಅದರಲ್ಲಿ ಅಲೆ ಕುಸಿಯುತ್ತದೆ. ನೆಟ್‌ವರ್ಕ್ ಕೇಬಲ್‌ನ ಎಳೆಗಳನ್ನು ಒಟ್ಟಿಗೆ ಹೊಸೆದು 12 ಸುತ್ತು ಹಾಕಿದರೆ ಸಾಕು. ಗೇಟಿಗೆ ಹೋಗುವ ತಂತಿಗಳು ಹೊಸೆದಿರಬೇಕು, ಗಿಡ್ಡ ಇರಬೇಕು. ಉದ್ದವಾದರೆ ಅದರ ಇಂಡಕ್ಟೆನ್ಸ್ ಮತ್ತು ಗೇಟಿನ ಕೆಪಾಸಿಟೆನ್ಸ್ ಸೇರಿ ರಿಂಗಿಂಗ್ ಎದ್ದು 20 ವೋಲ್ಟ್ ಮಿತಿಯನ್ನು ದಾಟುತ್ತದೆ, ಗೇಟ್ ತೂತಾಗುತ್ತದೆ. 5ರಿಂದ 10 ಓಮ್ ಗೇಟ್ ರೆಸಿಸ್ಟರ್, ಬೆನ್ನಿಗೆ ಬೆನ್ನು ಕೊಟ್ಟ ಎರಡು 18 ವೋಲ್ಟ್ ಜೀನರ್ ಪ್ರತಿ ಗೇಟಿಗೂ ಇರಲಿ.

ಇದನ್ನೆಲ್ಲ ನೋಡಲು ಆಸಿಲೋಸ್ಕೋಪ್ ಬೇಕು. ಬ್ರಿಡ್ಜ್‌ಗೆ ವೋಲ್ಟೇಜ್ ಕೊಡುವ ಮೊದಲು ಡ್ರೈವರ್‌ಗೆ ಸಿಗ್ನಲ್ ಜನರೇಟರ್‌ನಿಂದ 215 ಕಿಲೋಹರ್ಟ್ಜ್ ಕೊಟ್ಟು ಎರಡೂ ಗೇಟ್‌ಗಳ ಅಲೆ ನೋಡಿ: ಚೌಕಾಕಾರ, ಧನ ಋಣ 12 ವೋಲ್ಟ್, ಒಂದಕ್ಕೊಂದು ವಿರುದ್ಧ. ಅದು ಸರಿ ಇದ್ದರೆ ಮಾತ್ರ ಮುಂದೆ. ಬ್ರಿಡ್ಜ್ ವೋಲ್ಟೇಜನ್ನು ವೇರಿಯಾಕ್‌ನಿಂದ (ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಟ್ರಾನ್ಸ್‌ಫಾರ್ಮರ್) 30 ವೋಲ್ಟ್‌ನಲ್ಲಿ ಶುರುಮಾಡಿ, ಸರಣಿಯಲ್ಲಿ 100 ವ್ಯಾಟ್ ಫಿಲಮೆಂಟ್ ಬಲ್ಬ್ ಇಡಿ. ಬಲ್ಬ್ ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ, ಮಾಸ್‌ಫೆಟ್ ಬದುಕಿತು. ಆಂದೋಲನವೇ ಶುರುವಾಗದಿದ್ದರೆ ಪ್ರೈಮರಿಯ ತುದಿಗಳನ್ನು ತಿರುಗಿಸಿ. ಇನ್ನೊಂದು ಮಾತು, ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕಾದ್ದು: ಸ್ಕೋಪ್ ಪ್ರೋಬ್‌ನ ಗ್ರೌಂಡ್ ಕ್ಲಿಪ್ ಸ್ಕೋಪ್ ಮೂಲಕ ಮನೆಯ ಅರ್ಥ್‌ಗೆ ಸೇರಿರುತ್ತದೆ. ಮೇನ್ಸ್‌ನಿಂದ ನೇರ ಓಡುವ ಬ್ರಿಡ್ಜ್‌ಗೆ ಅದನ್ನು ಸಿಕ್ಕಿಸಿದರೆ ಕ್ಲಿಪ್, ಸ್ಕೋಪ್, ಬ್ರಿಡ್ಜ್ ಮೂರೂ ಹೋಗುತ್ತವೆ. ಬ್ರಿಡ್ಜ್‌ಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ ಅಥವಾ ಡಿಫರೆನ್ಶಿಯಲ್ ಪ್ರೋಬ್ ಬಳಸಿ. ವೇರಿಯಾಕ್ ಐಸೊಲೇಶನ್ ಕೊಡುವುದಿಲ್ಲ.

555 ಟೈಮರ್ ಐಸಿಯಿಂದ ಮಾಡಿದ ಇಂಟರಪ್ಟರ್ ಹಾಕಿ ಬಿಟ್ಟು ಬಿಟ್ಟು ಓಡಿಸಿದರೆ ಈ ಗಾತ್ರಕ್ಕೆ 25ರಿಂದ 40 ಸೆಂಟಿಮೀಟರ್ ಕಿಡಿ ನಿರೀಕ್ಷಿಸಬಹುದು. ಅದೇ ಸೆಕೆಂಡರಿ ಸ್ಪಾರ್ಕ್ ಗ್ಯಾಪ್‌ನಲ್ಲಿ ಇದರ ಎರಡು ಪಟ್ಟು ಕೊಡುತ್ತದೆ ಅನ್ನುವುದು ನಿಜ. ಆದರೆ ಸದ್ದು ಕಡಿಮೆ, ಸಂಗೀತ ನುಡಿಸಬಹುದು, ಮುಖ್ಯವಾಗಿ ಗೇಟ್ ಡ್ರೈವ್ ಅನ್ನುವ ವಿದ್ಯೆ ಕೈಗೆ ಹತ್ತುತ್ತದೆ. ಆ ವಿದ್ಯೆ ಇಲ್ಲದೆ ಮುಂದಿನದಕ್ಕೆ ದಾರಿಯಿಲ್ಲ.

ಡಿಆರ್‌ಎಸ್‌ಎಸ್‌ಟಿಸಿ: ಶಕ್ತಿಗೆ ತಕ್ಕ ಶಿಸ್ತು

ಎಸ್‌ಎಸ್‌ಟಿಸಿಯ ಪ್ರೈಮರಿಗೆ ಟ್ಯೂನ್ ಮಾಡಿದ ಕೆಪಾಸಿಟರ್ ಸರಣಿಯಲ್ಲಿ ಸೇರಿಸಿದರೆ ಎರಡೂ ಕಡೆ ಅನುರಣನ ಬಂದು ಕರೆಂಟು ನೂರಾರು ಆಂಪ್‌ಗೆ ಏರುತ್ತದೆ. ಇವತ್ತಿನ ದೊಡ್ಡ ಹಾಡುವ ಕಾಯಿಲ್‌ಗಳು ಹೆಚ್ಚಿನವು ಇವೇ. ಸುತ್ತಿದ ಭಾಗದ ಎರಡು ಮೂರು ಪಟ್ಟು ಉದ್ದದ ಕಿಡಿ ಇಲ್ಲಿ ಸಾಮಾನ್ಯ.

ಸಿಎಂ300ಡಿವೈ-24ನಂಥ ದೊಡ್ಡ ಐಜಿಬಿಟಿ ಬ್ರಿಕ್‌ಗಳು (ಭಾರೀ ಕರೆಂಟು ಹೊರುವ ಟ್ರಾನ್ಸಿಸ್ಟರ್ ಮಾಡ್ಯೂಲ್‌ಗಳು) 100 ಕಿಲೋಹರ್ಟ್ಜ್ ಮೀರಿದರೆ ತಡವರಿಸುತ್ತವೆ. ಹಾಗಾಗಿ 110 ಮಿಲಿಮೀಟರ್ ಸೆಕೆಂಡರಿ ಇದಕ್ಕೆ ಬರುವುದಿಲ್ಲ. 160 ಮಿಲಿಮೀಟರ್ ಪೈಪಿಗೆ ಅದೇ 0.4 ತಂತಿ 1600 ಸುತ್ತು, ಸುಮಾರು 800 ಮೀಟರ್, 200 ಮಿಲಿಮೀಟರ್ ದಪ್ಪ, 750 ಹೊರವ್ಯಾಸದ ಟಾಪ್‌ಲೋಡ್; ಆವರ್ತನ 86 ಕಿಲೋಹರ್ಟ್ಜ್ ಆಸುಪಾಸು. ಪ್ರೈಮರಿಯನ್ನು ಅದಕ್ಕಿಂತ 5ರಿಂದ 10 ಶೇಕಡ ಕೆಳಗೆ ಟ್ಯೂನ್ ಮಾಡಬೇಕು. ಮೇಲೆ ಹೇಳಿದ ಜಾತಿಯ ಕೆಪಾಸಿಟರ್ ಮೂರು ಸರಣಿಯಲ್ಲಿ, ಅಂಥ ಆರು ಸಾಲು ಅಡ್ಡಲಾಗಿ, ಒಟ್ಟು 18 ಹಾಕಿದರೆ 0.3 ಮೈಕ್ರೋಫ್ಯಾರಡ್, 6000 ವೋಲ್ಟ್. ಅದಕ್ಕೆ 13.5 ಮೈಕ್ರೋಹೆನ್ರಿ ಪ್ರೈಮರಿ ಸೇರಿದರೆ 79 ಕಿಲೋಹರ್ಟ್ಜ್. 10 ಮಿಲಿಮೀಟರ್ ತಾಮ್ರದ ಕೊಳವೆಯಲ್ಲಿ ಐದೂವರೆ ಸುತ್ತಿನೊಳಗೆ ಸಿಗುತ್ತದೆ. ಎಂಟು ಸುತ್ತು ಮಾಡಿಡಿ.

ಈಗ ಅಪಾಯ ಎಲ್ಲಿದೆ ನೋಡಿ. ಈ ಪ್ರೈಮರಿಯ ಸರ್ಜ್ ಇಂಪೀಡೆನ್ಸ್, ಅಂದರೆ ಇಂಡಕ್ಟೆನ್ಸನ್ನು ಕೆಪಾಸಿಟೆನ್ಸ್‌ನಿಂದ ಭಾಗಿಸಿದ್ದರ ವರ್ಗಮೂಲ, 6.7 ಓಮ್. ಫುಲ್ ಬ್ರಿಡ್ಜ್‌ನಲ್ಲಿ (ನಾಲ್ಕು ಸ್ವಿಚ್‌ಗಳ ಬ್ರಿಡ್ಜ್) 325 ವೋಲ್ಟ್ ಕೊಟ್ಟಾಗ, ಸೆಕೆಂಡರಿ ಏನೂ ಎಳೆದುಕೊಳ್ಳದಿದ್ದರೆ, ಪ್ರತಿ ಅರ್ಧ ಆವರ್ತಕ್ಕೂ ಕರೆಂಟು 97 ಆಂಪ್ ಏರುತ್ತದೆ. 40 ಮೈಕ್ರೋಸೆಕೆಂಡ್ ದಾಟುವುದರೊಳಗೆ 600 ಆಂಪ್ ಹತ್ತಿರ. ಸೆಕೆಂಡರಿ ಶಕ್ತಿ ಎಳೆಯುವಾಗ ಏರಿಕೆ ಇಷ್ಟು ಕಡಿದಾಗಿರುವುದಿಲ್ಲ, ಆದರೆ ಕಿಡಿ ನೆಲಕ್ಕೆ ಬಡಿದ ಕ್ಷಣ, ಟ್ಯೂನಿಂಗ್ ತಪ್ಪಿದ ಕ್ಷಣ ಲೆಕ್ಕ ಇಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಓವರ್‌ಕರೆಂಟ್ ಡಿಟೆಕ್ಟರ್ ಇಲ್ಲದ ಡಿಆರ್‌ಎಸ್‌ಎಸ್‌ಟಿಸಿ ಕಟ್ಟಲೇಬಾರದು. 33 ಸುತ್ತಿನ ಎರಡು ಕರೆಂಟ್ ಟ್ರಾನ್ಸ್‌ಫಾರ್ಮರ್ ಒಂದರ ಹಿಂದೊಂದು ಹಾಕಿದರೆ ಅನುಪಾತ 1089. 5.1 ಓಮ್ ರೆಸಿಸ್ಟರ್ ಮೇಲೆ 600 ಆಂಪ್‌ಗೆ 2.8 ವೋಲ್ಟ್ ಬರುತ್ತದೆ, ಕಂಪ್ಯಾರೇಟರ್‌ನ ಮಿತಿ ಅಲ್ಲಿಗೆ. ಮೊದಲ ಸಲ 200 ಆಂಪ್‌ಗೆ, ಅಂದರೆ 0.94 ವೋಲ್ಟ್‌ಗೆ ಇಟ್ಟು ಶುರುಮಾಡಿ. ಆನ್‌ಟೈಮ್ 50 ಮೈಕ್ರೋಸೆಕೆಂಡ್‌ನಿಂದ ಮೇಲಕ್ಕೆ, ಸೆಕೆಂಡಿಗೆ 100 ಪಲ್ಸ್. ಯುಡಿ2.7 ಹೆಸರಿನ ತೆರೆದ ವಿನ್ಯಾಸದ ಡ್ರೈವರ್ ಬೋರ್ಡ್‌ನಲ್ಲಿ ಈ ರಕ್ಷಣೆ ಮತ್ತು ಫೇಸ್ ಲೀಡ್ ಹೊಂದಾಣಿಕೆ (ಸ್ವಿಚಿಂಗ್‌ನ ತಡವನ್ನು ಸರಿದೂಗಿಸುವುದು) ಎರಡೂ ಇವೆ. ಸ್ವಂತ ಡ್ರೈವರ್ ವಿನ್ಯಾಸ ಮಾಡುವುದಕ್ಕಿಂತ ಅದನ್ನು ಕಟ್ಟುವುದು ಒಳ್ಳೆಯದು. ಇಂಟರಪ್ಟರ್ ಮತ್ತು ಡ್ರೈವರ್ ನಡುವೆ ಫೈಬರ್ ಕೇಬಲ್ಲೇ ಇರಲಿ. ತಾಮ್ರದ ತಂತಿ ಕೈಯಲ್ಲಿ ಹಿಡಿದ ಪೆಟ್ಟಿಗೆಗೆ ಕಿಡಿಯನ್ನು ಕರೆತರಬಹುದು.

ಬಸ್, ಅಂದರೆ ಬ್ರಿಡ್ಜ್‌ಗೆ ಡಿಸಿ ಕೊಡುವ ಸಾಲು. ಅದರ ಕೆಪಾಸಿಟರ್ 3300 ಮೈಕ್ರೋಫ್ಯಾರಡ್ ಅಂದರೆ 325 ವೋಲ್ಟ್‌ನಲ್ಲಿ 174 ಜೂಲ್. ಅಡ್ಡಲಾಗಿ 10 ಕಿಲೋಓಮ್, 25 ವ್ಯಾಟ್ ರೆಸಿಸ್ಟರ್ ಹಾಕಿದರೂ 50 ವೋಲ್ಟ್‌ಗೆ ಇಳಿಯಲು ಒಂದು ನಿಮಿಷ ಹಿಡಿಯುತ್ತದೆ. ಬಸ್ ಮೇಲೆ ಒಂದು ವೋಲ್ಟ್ ಮೀಟರ್ ಕಾಯಂ ಕೂರಿಸಿ, ಅದನ್ನು ನೋಡದೆ ಬ್ರಿಡ್ಜ್ ಮುಟ್ಟಬೇಡಿ. ಬಸ್‌ಬಾರ್‌ಗಳು ಅಗಲವಾದ ತಾಮ್ರದ ಪಟ್ಟಿ, ನಡುವೆ ತೆಳು ಇನ್ಸುಲೇಶನ್, ಬ್ರಿಕ್‌ನ ತಿರುಪಿನ ಮೇಲೆಯೇ ಸ್ನಬ್ಬರ್ ಕೆಪಾಸಿಟರ್. ಇಲ್ಲಿ ಉದ್ದನೆಯ ತಂತಿ ಎಳೆದರೆ ಕರೆಂಟು ಕಡಿದಾಗ ಏಳುವ ವೋಲ್ಟೇಜ್ ಐಜಿಬಿಟಿಯನ್ನು ಒಡೆಯುತ್ತದೆ.

ಡಿಆರ್‌ಎಸ್‌ಎಸ್‌ಟಿಸಿಯ ಮುಂದಿನ ಮೆಟ್ಟಿಲಾದ ಕ್ಯೂಸಿಡಬ್ಲ್ಯೂ (ಕ್ವಾಸಿ ಕಂಟಿನ್ಯುಯಸ್ ವೇವ್) ಬಗ್ಗೆ ಎರಡೇ ಮಾತು. ಬಸ್ ವೋಲ್ಟೇಜನ್ನೇ 10ರಿಂದ 20 ಮಿಲಿಸೆಕೆಂಡ್ ಕಾಲ ಇಳಿಜಾರಾಗಿ ಏರಿಸುವ ಕಾಯಿಲ್ ಇದು. ಕವಲೊಡೆಯದೆ ಕತ್ತಿಯಂತೆ ನೇರ ಬೆಳೆಯುವ ಕಿಡಿ ಸೆಕೆಂಡರಿಯ ಹತ್ತು ಪಟ್ಟು ಉದ್ದ ಮುಟ್ಟುವುದೂ ಉಂಟು. 300 ಕಿಲೋಹರ್ಟ್ಜ್ ಮೇಲಿನ ಆವರ್ತನ, ಬಿಗಿಯಾದ ಕಪ್ಲಿಂಗ್, ಕಿಲೋವ್ಯಾಟ್‌ಗಟ್ಟಲೆ ಹೊರುವ ಬಕ್ ಕನ್ವರ್ಟರ್ ಬೇಕು. ಒಂದು ಡಿಆರ್‌ಎಸ್‌ಎಸ್‌ಟಿಸಿಯನ್ನು ಸುಡದೆ ಬಹುಕಾಲ ಓಡಿಸಿದವರ ಕೆಲಸ ಅದು.

ಹಳೆಯ ಎನ್‌ಎಸ್‌ಟಿ ಕೈಗೆ ಸಿಕ್ಕಿದೆ, ಗದ್ದಲಕ್ಕೆ ಅಕ್ಕಪಕ್ಕದವರ ತಕರಾರಿಲ್ಲ ಅಂದರೆ ಸ್ಪಾರ್ಕ್ ಗ್ಯಾಪ್ ಕಟ್ಟಿ. ಒಂದೇ ಸಲಕ್ಕೆ ಮನತುಂಬುವ ಕಿಡಿ ಅದರಲ್ಲಿ. ಸ್ಕೋಪ್ ಇದೆ, ಸರ್ಕ್ಯೂಟ್ ಬೋರ್ಡ್ ಕೆಲಸ ಇಷ್ಟ ಅಂದರೆ ಎಸ್‌ಎಸ್‌ಟಿಸಿ. ಎರಡರಲ್ಲಿ ಯಾವುದಕ್ಕೆ ಹೋದರೂ 110 ಮಿಲಿಮೀಟರ್ ಸೆಕೆಂಡರಿ, ಟಾಪ್‌ಲೋಡ್, ಅರ್ಥ್ ರಾಡ್ ಅದಲುಬದಲಾಗಿ ಬಳಕೆಗೆ ಬರುತ್ತವೆ, ಆದ್ದರಿಂದ ಇವತ್ತೇ ಅದನ್ನು ಸುತ್ತಲು ಅಡ್ಡಿಯಿಲ್ಲ. ಬುಡದಲ್ಲಿ ಮತ್ತು ತುದಿಯಲ್ಲಿ 30 ಮಿಲಿಮೀಟರ್ ಖಾಲಿ ಪೈಪ್ ಬಿಡುವುದನ್ನು ಮರೆಯಬೇಡಿ. ಸ್ಟ್ಯಾಂಡಿಗೆ ಕೂರಿಸಲು, ಟಾಪ್‌ಲೋಡ್ ಎತ್ತರ ಹೊಂದಿಸಲು ಆ ಜಾಗ ಬೇಕೇ ಬೇಕು.